ಒಂದು ಗುಟುಕು ನೀರು

ನಮ್ಮ ಹಿರೋಶಿಮಾ ಲೇಖನ ಓದಿ ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘80 ವರ್ಷ ಆಯಿತು. ಊರು ಮತ್ತೆ ಕಟ್ಟಿದ್ದೂ ಆಯಿತು. ಇನ್ನೂ ಯಾಕೆ ಅಳಬೇಕು? ನೀವು ಪತ್ರಿಕೆಯವರು ಕೆದಕದಿದ್ದರೆ ಕಾಲವೇ ಎಲ್ಲ ಮರೆಸುತ್ತದೆ. ನಮ್ಮ ದೊಡ್ಡಪ್ಪ 1971ರ ಯುದ್ಧಕ್ಕೆ ಹೋಗಿ ಬಂದವರು. ಒಂದು ದಿನವೂ ಅದರ ಮಾತೆತ್ತಿಲ್ಲ. ಆರಾಮಾಗಿದ್ದಾರೆ. ರಾತ್ರಿ ಎರಡು ಮೂರು ಸಲ ಎದ್ದು ಬಾಗಿಲ ಚಿಲಕ ನೋಡುತ್ತಾರೆ, ಅಷ್ಟೇ.’

ಆ ‘ಅಷ್ಟೇ’ ಓದಿ ಪತ್ರವನ್ನು ಪಕ್ಕಕ್ಕಿಟ್ಟೆ. ಉತ್ತರ ಬರೆಯಲು ಎರಡು ದಿನ ಬೇಕಾಯಿತು.

ಕೆದಕುತ್ತೇವೆ ಅಂದಿರಿ. ಸ್ವಲ್ಪ ಮಟ್ಟಿಗೆ ನಿಜ. ಆಗಸ್ಟ್ ಬಂದರೆ ಅಣಬೆ ಮೋಡದ ಚಿತ್ರ ಹಾಕುವುದು ನಮಗೂ ಚಟವಾಗಿದೆ. ಆದರೆ ಬಾಂಬಿಗೆ ಸಿಕ್ಕಿ ಬದುಕಿದವರ ಮಾತು ಓದುತ್ತಾ ಹೋದರೆ ಮೋಡಕ್ಕಿಂತ ನೀರಿನ ಸುದ್ದಿಯೇ ಜಾಸ್ತಿ.

1945ರ ಆಗಸ್ಟ್ 6, ಬೆಳಿಗ್ಗೆ 8.15. ಹಿರೋಶಿಮಾ ಮೇಲೆ ಅಣುಬಾಂಬ್ ಬಿತ್ತು. ಜಪಾನಿನಲ್ಲಿ ಆಗ ಬಿರುಬೇಸಿಗೆ. ಮೈ ಸುಟ್ಟವರೆಲ್ಲ ‘ನೀರು, ನೀರು’ ಅಂತ ನದಿಯ ಕಡೆ ನಡೆದರು. ಸುಟ್ಟವರಿಗೆ ನೀರು ಕೊಟ್ಟರೆ ಸಾಯುತ್ತಾರೆ, ಕೊಡಬೇಡಿ ಅಂತ ಸೈನಿಕರು ಕೂಗುತ್ತಿದ್ದರು. ಕೆಲವರು ಕೊಡಲಿಲ್ಲ. ಬೇಡಿದವರು ಬೇಡುತ್ತಲೇ ಸತ್ತರು. ಕೆಲವರು ಕೊಟ್ಟರು. ಕುಡಿದವರು ಕಣ್ಣೆದುರೇ ಪ್ರಾಣ ಬಿಟ್ಟರು. ಕೊಟ್ಟವರಿಗೆ ‘ನಾನೇ ಕೊಂದೆ’ ಅನ್ನುವ ಕೊರಗು. ಕೊಡದವರಿಗೆ ‘ಒಂದು ಗುಟುಕು ಕೊಡಲಿಲ್ಲವಲ್ಲ’ ಅನ್ನುವ ಕೊರಗು. ಸಾಯುವವರ ಬಾಯಿಗೆ ನೀರು ಬಿಡುವ ಪದ್ಧತಿ ನಮ್ಮಲ್ಲಿದ್ದಂತೆ ಜಪಾನಿನಲ್ಲೂ ಇದೆ. ಅದು ಗೊತ್ತಿದ್ದರೆ ಆ ಕೊರಗು ಎಷ್ಟು ಆಳದ್ದು ಅಂತ ನಮಗೆ ಬಿಡಿಸಿ ಹೇಳಬೇಕಿಲ್ಲ. ಇವತ್ತಿಗೂ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಸತ್ತವರಿಗೆ ನೀರು ಅರ್ಪಿಸುತ್ತಾರೆ. ನಾಗಸಾಕಿಯಲ್ಲಿ 1969ರಲ್ಲಿ ಕಾರಂಜಿಯನ್ನೇ ಕಟ್ಟಿದರು. ಬಾಯಾರಿಕೆ ತಡೆಯಲಾರದೆ, ಎಣ್ಣೆಯಂಥದ್ದು ತೇಲುತ್ತಿದ್ದ ನೀರನ್ನೇ ಕುಡಿದೆ ಅಂದ ಪುಟ್ಟ ಹುಡುಗಿಯೊಬ್ಬಳ ಮಾತನ್ನು ಅಲ್ಲಿ ಕೆತ್ತಿದ್ದಾರೆ.

ಕಾಲವೇ ಮರೆಸುತ್ತದೆ ಅಂದಿರಿ. ಹೆದರಿಕೆ ದಿನ ಕಳೆದಂತೆ ಸ್ವಲ್ಪವಾದರೂ ತಗ್ಗಬಹುದು. ‘ನಾನು ಮಾತ್ರ ಯಾಕೆ ಉಳಿದೆ’ ಅನ್ನುವುದು ಹಾಗಲ್ಲ, ಎಷ್ಟೋ ಜನರಲ್ಲಿ ವಯಸ್ಸಾದಂತೆ ಬಲಿಯುತ್ತದೆ. ಮೈತುಂಬ ಕೆಲಸವಿದ್ದಾಗ ಹೇಗೋ ಅದುಮಿಡಬಹುದು. ಕೆಲಸ ಬಿಟ್ಟು ಮನೆಯಲ್ಲಿ ಕೂತಾಗ ಅದು ಎದುರು ಬಂದು ಕೂರುತ್ತದೆ.

ಬಾಯಿ ಬಿಡದೇ ಇರಲು ಬೇರೆ ಕಾರಣವೂ ಇತ್ತು. ‘ಹಿಬಾಕುಶಾ’, ಅಂದರೆ ಬಾಂಬಿಗೆ ಸಿಕ್ಕಿದವರು ಅಂತ ಗೊತ್ತಾದರೆ ಮದುವೆ ಮುರಿಯುತ್ತಿತ್ತು, ಕೆಲಸ ಸಿಗುತ್ತಿರಲಿಲ್ಲ. ಹಾಗಾಗಿ ಎಷ್ಟೋ ಜನ ಹೆತ್ತ ಮಕ್ಕಳಿಗೂ ಹೇಳಲಿಲ್ಲ. ಮಗುವಿಗೆ ಮೂಗಿನಲ್ಲಿ ರಕ್ತ ಬಂದರೆ ಸಾಕು, ಬಾಂಬಿನ ವಿಕಿರಣದ ಕಾಯಿಲೆ ಇದಕ್ಕೂ ಬಂತೇನೋ ಅಂತ ಎದೆ ಧಸಕ್ಕೆನ್ನುತ್ತಿತ್ತು. ಅವರ ಮಕ್ಕಳಲ್ಲಿ ವಂಶವಾಹಿ ತೊಂದರೆ ಹೆಚ್ಚಿದ್ದು ಅಧ್ಯಯನಗಳಲ್ಲಿ ಸ್ಪಷ್ಟವಾಗಿ ಕಂಡಿಲ್ಲ. ಆ ವರದಿ ಓದಿ ತಾಯಿ ನಿದ್ದೆ ಮಾಡುತ್ತಾಳಾ? ಕಡೆಗೆ ಮೊಮ್ಮಕ್ಕಳು ಕೇಳಿದಾಗ ಎಷ್ಟೋ ಜನ ಮೊದಲ ಸಲ ಬಾಯಿಬಿಟ್ಟರು. 2025ರ ಮಾರ್ಚ್ ಹೊತ್ತಿಗೆ ಉಳಿದವರು 99,130 ಜನ. ಸರಾಸರಿ ವಯಸ್ಸು 86.

ಸೈನಿಕರ ಕಥೆ ಇನ್ನೂ ಕಷ್ಟ. ಮೊದಲ ಮಹಾಯುದ್ಧದಲ್ಲಿ ನಡುಗುತ್ತಿದ್ದವರನ್ನು ಹೇಡಿಗಳು ಅಂದರು. ಇದು ಕಾಯಿಲೆ ಅಂತ ಅಮೆರಿಕದ ಮನೋವೈದ್ಯರು ‘ಪಿಟಿಎಸ್‌ಡಿ’ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ಅನ್ನುವ ಇಂದಿನ ಹೆಸರಿಟ್ಟು ತಮ್ಮ ಕಾಯಿಲೆಗಳ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದ ಮೇಲೆ.

ಇನ್ನು ನಿಮ್ಮ ದೊಡ್ಡಪ್ಪ. ಅವರಿಗೆ ಏನಾಗಿದೆ ಅಂತ ಪತ್ರ ನೋಡಿ ಹೇಳುವಷ್ಟು ಜಾಣ ನಾನಲ್ಲ. ಚಿಲಕ ಸುಮ್ನೆ ಅಭ್ಯಾಸವೂ ಇರಬಹುದು. ಆದರೆ ‘ಹೇಳಿ, ಹೇಳಿ’ ಅಂತ ಬಲವಂತ ಮಾಡಬೇಡಿ. ಒತ್ತಾಯಿಸಿ ಹೇಳಿಸಿದರೆ ಕೆಲವರಿಗೆ ನೋವು ಹೆಚ್ಚುತ್ತದೆ. ಯಾರನ್ನು ಕೊಂದಿರಿ ಅಂತ ಕೇಳಲೇಬೇಡಿ. ಅಲ್ಲಿ ಊಟಕ್ಕೆ ಏನು ಕೊಡುತ್ತಿದ್ದರು, ಪಕ್ಕದ ಹಾಸಿಗೆಯವನು ಯಾವ ಊರಿನವನು, ಇಂಥದ್ದು ಕೇಳಿ. ನಿದ್ದೆಯೇ ಇಲ್ಲ, ಕುಡಿತ ಜಾಸ್ತಿ ಆಗಿದೆ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇವತ್ತು ರಾತ್ರಿ ಅವರು ಎದ್ದಾಗ ನಿಮಗೂ ಎಚ್ಚರವಾದರೆ, ‘ಯಾಕೆ ಎದ್ದಿರಿ’ ಅನ್ನಬೇಡಿ. ಜೊತೆಗೆ ಎದ್ದು ಹೋಗಿ ಚಿಲಕ ನೋಡಿ ಬನ್ನಿ.