ಹ್ಯಾಟೆ ಮನೆಯಲ್ಲಿರಲಿ, ಹುಂಜ ಊರು ಬದಲಿಸಲಿ

ಈ ತಿಂಗಳು ಬಂದ ಪತ್ರಗಳಲ್ಲಿ ಕಾದಾಡುವ ದೇಸಿ ತಳಿಯಾದ ಅಸೀಲ್ ಕೋಳಿಯದ್ದೇ ಜಾಸ್ತಿ. ಚಿಂಚೋಳಿಯಿಂದ ಸುರಪುರದವರೆಗೆ ಇಷ್ಟು ಜನ ಈ ತಳಿಯನ್ನು ಕೈಬಿಡದೆ ಸಾಕುತ್ತಿದ್ದೀರಿ ಅನ್ನೋದೇ ನನಗೆ ದೊಡ್ಡ ಖುಷಿ. ಒಬ್ಬರ ತೊಂದರೆಗೆ ಪರಿಹಾರ ಇನ್ನೊಬ್ಬರ ಹಿತ್ತಲಲ್ಲೇ ಇದೆ. ಹಾಗಾಗಿ ಹಸು, ಮೇಕೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇವನ್ನೇ ತೆಗೆದುಕೊಂಡಿದ್ದೇನೆ.

ಐದಾರು ವರ್ಷದ ಹಿಂದೆ ಅಪ್ಪ ಜಹೀರಾಬಾದ್ ಕಡೆಯಿಂದ ಒಂದು ಅಸೀಲ್ ಹುಂಜ, ಮೂರು ಹ್ಯಾಟೆ ತಂದಿದ್ದರು. ಈಗ ಇರುವ ಮೂವತ್ತು ಕೋಳಿಯೂ ಅವುಗಳದ್ದೇ ಸಂತಾನ. ಹೊರಗಿನದು ಒಂದನ್ನೂ ಸೇರಿಸಿಲ್ಲ. ಆದರೆ ಈಗೀಗ ಹನ್ನೆರಡು ತತ್ತಿ ಕಾವಿಗಿಟ್ಟರೆ ಐದಾರು ಮರಿ ಆದರೆ ಹೆಚ್ಚು. ದೀಪಾವಳಿ ಹೊತ್ತಿಗೆ ಇಟ್ಟರೂ ಅಷ್ಟೇ. ಮರಿಗಳೂ ಸಣಕಲು. ಯಾವ ಔಷಧ ಹಾಕಲಿ ಸರ್?
– ಓದುಗರು, ಚಿಂಚೋಳಿ ತಾಲೂಕು

ತಮ್ಮಾ, ಔಷಧದ ಮಾತು ಆಮೇಲೆ. ಮೊದಲು ಒಂದು ಕೆಲಸ ಮಾಡಿ. ಮುಂದಿನ ಸಲ ಕಾವಿಗಿಟ್ಟ ಏಳನೇ ರಾತ್ರಿ, ಕತ್ತಲೆ ಕೋಣೆಯಲ್ಲಿ ಒಂದೊಂದೇ ತತ್ತಿ ತೆಗೆದು ದಪ್ಪ ತುದಿಗೆ ಮೊಬೈಲ್ ಟಾರ್ಚ್ ಒತ್ತಿ ಹಿಡಿಯಿರಿ. ಜೀವ ಇದ್ದರೆ ಒಳಗೆ ಕಪ್ಪು ಚುಕ್ಕಿ, ಅದರ ಸುತ್ತ ತೆಳ್ಳನೆ ಕೆಂಪು ನರಗಳು ಕಾಣುತ್ತವೆ. ಏನೂ ಇಲ್ಲದೆ ತಿಳಿಯಾಗಿ ಕಂಡರೆ ಹುಂಜ ಕೂಡಿಲ್ಲ, ಇಲ್ಲವೇ ತತ್ತಿ ತೀರಾ ಹಳೆಯದು. ನರ ಕಾಣದೆ ಬರೀ ಕೆಂಪು ಉಂಗುರ ಕಂಡರೆ ಮರಿ ಬೆಳೆಯಲು ಶುರುವಾಗಿ ಒಳಗೇ ಸತ್ತಿದೆ. ಇಪ್ಪತ್ತೊಂದು ದಿನ ದಾಟಿ ಒಂದೆರಡು ದಿನವಾದರೂ ಮರಿ ಬರದಿದ್ದರೆ ಉಳಿದ ತತ್ತಿ ಒಡೆದು ಅದನ್ನೂ ನೋಡಿ.

ಬೇಸಿಗೆಯಲ್ಲಿ ಇಟ್ಟ ತತ್ತಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟಿದಾಗ ಬುಟ್ಟಿಯಲ್ಲಿಟ್ಟ ತತ್ತಿ ಕಾವಿಗೆ ಹೋಗುವ ಮೊದಲೇ ಕೆಡುತ್ತದೆ. ನೀವು ದೀಪಾವಳಿಯಲ್ಲೂ ಹೀಗೇ ಅಂತ ಬರೆದಿದ್ದೀರಿ. ತತ್ತಿ ವಾರಕ್ಕಿಂತ ಹಳೆಯದಲ್ಲ, ಆದರೂ ಒಳಗೆ ಮರಿ ಸಾಯುತ್ತಿದೆ ಅಂದರೆ ನನ್ನ ಅನುಮಾನ ಒಂದೇ. ರಕ್ತ ತೀರಾ ಹತ್ತಿರವಾಗಿದೆ. ಅಪ್ಪ–ಮಗಳು, ಅಣ್ಣ–ತಂಗಿ ಕೂಡಿ ಕೂಡಿ ಸೊರಗಿವೆ. ಯಾವ ಟಾನಿಕ್ಕೂ ಇದನ್ನು ಸರಿ ಮಾಡುವುದಿಲ್ಲ.

‘ಮೂವತ್ತು ಕೋಳಿ ಇವೆಯಲ್ಲ’ ಅಂತ ನಿಮಗೆ ಅನ್ನಿಸಬಹುದು. ತಲೆ ಎಣಿಕೆಯಿಂದ ತಳಿ ಉಳಿಯುವುದಿಲ್ಲ. ತಳಿ ವಿಜ್ಞಾನದವರ ಒಂದು ಸರಳ ಲೆಕ್ಕ ಇದೆ. ಮರಿ ಮಾಡಿಸಲು ಬಿಟ್ಟ ಹುಂಜಗಳನ್ನು ಹ್ಯಾಟೆಗಳಿಂದ ಗುಣಿಸಿ. ಅದನ್ನು ನಾಲ್ಕರಿಂದ ಗುಣಿಸಿ. ಬಂದದ್ದನ್ನು ಹುಂಜ–ಹ್ಯಾಟೆ ಒಟ್ಟು ಸಂಖ್ಯೆಯಿಂದ ಭಾಗಿಸಿ. ಅಪ್ಪ ತಂದ ಒಂದು ಹುಂಜ, ಮೂರು ಹ್ಯಾಟೆಗೆ ಉತ್ತರ 3. ಸರಿ, ಒಂದೇ ಹುಂಜಕ್ಕೆ ಮೂವತ್ತು ಹ್ಯಾಟೆ ಬಿಟ್ಟರೆ? ಆಗಲೂ ಉತ್ತರ 4 ದಾಟುವುದಿಲ್ಲ! ಎರಡು ಹುಂಜ, ಆರು ಹ್ಯಾಟೆ ಬಿಟ್ಟರೆ 6. ಹತ್ತಿರದ ರಕ್ತದಿಂದ ತಳಿ ಬೇಗ ಸೊರಗಬಾರದು ಅಂದರೆ ಈ ಸಂಖ್ಯೆ 50ಕ್ಕೆ ಕಡಿಮೆ ಇರಬಾರದು ಅನ್ನುತ್ತಾರೆ. ಎರಡು ಹುಂಜ, ಆರು ಹ್ಯಾಟೆ ಇರುವ ಒಂಬತ್ತು ಮನೆಗಳು ಒಟ್ಟಾದರೆ 54 ಬರುತ್ತದೆ. ಒಂದೇ ಮನೆಯವರು ಹದಿನೆಂಟು ಅಸೀಲ್ ಹುಂಜ ಇಟ್ಟುಕೊಳ್ಳಲು ಆಗುತ್ತದಾ? ಎರಡನ್ನು ಒಂದೇ ಅಂಗಳದಲ್ಲಿ ಬಿಟ್ಟರೆ ಸಂಜೆಗೆ ಒಂದು ಉಳಿದಿರುವುದಿಲ್ಲ. ಒಂಬತ್ತು ಮನೆಗಾದರೆ ಮನೆಗೆ ಎರಡೇ, ಬೇರೆ ಬೇರೆ ಇಟ್ಟರೆ ಅದು ಭಾರವೇ ಅಲ್ಲ.

ಈಗ ಸಿಹಿ ಸುದ್ದಿ. ಕಾಳಗಿ ಕಡೆಯ ಒಬ್ಬರು, ಸೇಡಂನ ಒಬ್ಬರು ಹೆಚ್ಚುಕಡಿಮೆ ನಿಮ್ಮ ಮಾತನ್ನೇ ಬರೆದಿದ್ದಾರೆ. ಮೂವರೂ ಒಪ್ಪಿದ್ದೀರಿ, ಪತ್ರಿಕೆ ಕಚೇರಿಯಿಂದ ಪರಸ್ಪರ ಫೋನ್ ನಂಬರ್ ಕೊಡಿಸುತ್ತೇನೆ. ಮೊದಲು ಮೂಲ ಕೋಳಿ ಯಾರಿಂದ ತಂದಿರಿ ಅಂತ ಕೇಳಿಕೊಳ್ಳಿ. ಒಬ್ಬನೇ ವ್ಯಾಪಾರಿಯಿಂದ ಬಂದಿದ್ದರೆ ರಕ್ತ ಒಂದೇ ಇರಬಹುದು. ಬೇರೆ ಬೇರೆ ಆಗಿದ್ದರೆ ಹೀಗೆ ಮಾಡಿ: ಚಿಂಚೋಳಿಯ ಎಳೆ ಹುಂಜ ಕಾಳಗಿಗೆ, ಕಾಳಗಿಯದು ಸೇಡಂಗೆ, ಸೇಡಂನದು ಚಿಂಚೋಳಿಗೆ. ಹ್ಯಾಟೆಗಳು ಹುಟ್ಟಿದ ಮನೆಯಲ್ಲೇ ಇರಲಿ. ಮುಂದಿನ ಪೀಳಿಗೆಯಲ್ಲೂ ಇದೇ ದಿಕ್ಕು. ಒಮ್ಮೆ ಉಲ್ಟಾ ಹೋದರೂ ಮಗ ತಿರುಗಿ ಅಪ್ಪ ಹುಟ್ಟಿದ ಮನೆಗೇ ಬಂದುಬಿಡಬಹುದು. ಮೂರು ಮನೆಯಿಂದ ಶುರು ಮಾಡಿ, ಒಬ್ಬೊಬ್ಬರನ್ನೇ ಸೇರಿಸಿಕೊಳ್ಳುತ್ತಾ ಹೋಗಿ.

ಗಿರಿರಾಜ ಹುಂಜ ಬಿಟ್ಟರೆ ಅಸೀಲ್ ಮರಿ ಬೇಗ ದಪ್ಪ ಆಗುತ್ತವಂತೆ, ನಿಜವೇ?
– ಓದುಗರು, ಆಳಂದ

ಮೊದಲ ಮರಿಗಳು ಬೇಗ ಬೆಳೆಯುತ್ತವೆ, ನಿಜ. ಆದರೆ ಅವು ಅಸೀಲ್ ಅಲ್ಲ. ಬೆಂಗಳೂರಿನಲ್ಲಿ ರೂಪಿಸಿದ ಗಿರಿರಾಜ ತನ್ನ ಕೆಲಸಕ್ಕೆ ಒಳ್ಳೆಯ ಕೋಳಿ. ಮಾಂಸಕ್ಕೋ ತತ್ತಿಗೋ ಬೇಕಾದರೆ ಬೇರೆಯಾಗಿ ಸಾಕಿಕೊಳ್ಳಿ. ಅಸೀಲ್ ಹ್ಯಾಟೆ ತಾನೇ ಕಾವಿಗೆ ಕೂತು, ಹದ್ದು–ಮುಂಗುಸಿಗೆ ಎದುರು ನಿಂತು ಮರಿ ಬೆಳೆಸುತ್ತದೆ. ಮಿಶ್ರ ಮಾಡಿದ ಮೇಲೆ ಆ ಗುಣವನ್ನು ಎಲ್ಲಿಂದ ವಾಪಸ್ ತರುತ್ತೀರಿ?

ನಮ್ಮ ಓಣಿ ತುಂಬಾ ಜವಾರಿ ಹುಂಜಗಳು ತಿರುಗುತ್ತವೆ. ಒಮ್ಮೆ ಬೇರೆ ಹುಂಜ ಕೂಡಿದರೆ ಆ ಹ್ಯಾಟೆ ಜೀವನಪೂರ್ತಿ ಕೆಟ್ಟಂತೆ ಅಂತ ಹಿರಿಯರು ಹೇಳುತ್ತಾರೆ. ಹೌದಾ?
– ಓದುಗರು, ಭಾಲ್ಕಿ

ಇಲ್ಲ. ಹುಂಜದ ಬೀಜ ಹ್ಯಾಟೆಯ ಹೊಟ್ಟೆಯಲ್ಲಿ ಎರಡು–ಮೂರು ವಾರ ಜೀವಂತ ಇರುತ್ತದೆ, ಅಷ್ಟೇ. ಹ್ಯಾಟೆಯನ್ನು ಬೇರೆ ಹುಂಜಗಳಿಂದ ದೂರ ಮಾಡಿ, ಬಲೆ ಕಟ್ಟಿದ ಜಾಗದಲ್ಲಿ ನಿಮ್ಮ ಹುಂಜದ ಜೊತೆ ಬಿಡಿ. ಮೊದಲ ನಾಲ್ಕು ವಾರದ ತತ್ತಿ ತಿನ್ನಲು ಇಟ್ಟುಕೊಳ್ಳಿ. ಆಮೇಲಿನವನ್ನು ಕಾವಿಗೆ ಇಡಿ. ಯಾರಿಗಾದರೂ ‘ಇದು ಅಸಲಿ ತತ್ತಿ’ ಅಂತ ಕೊಡುವಾಗಲೂ ಈ ನಾಲ್ಕು ವಾರ ಮರೆಯಬೇಡಿ. ನಿಮ್ಮ ಮಾತು ನಂಬಿ ಇನ್ನೊಬ್ಬರು ಇಡೀ ಹಿಂಡು ಕಟ್ಟುತ್ತಾರೆ.

ನಮ್ಮ ಹುಂಜ ಬಿಳಿ. ಅಸೀಲ್ ಅಂದರೆ ಕೆಂಪೇ ಇರಬೇಕು ಅನ್ನುತ್ತಾರೆ.
– ಓದುಗರು, ಶಹಾಪುರ

ಬಣ್ಣದ ಮೇಲೆ ಹೋಗಬೇಡಿ. ಬಿಳಿಗೆ ನೂರಿ ಅನ್ನುತ್ತಾರೆ, ಹೊಂಗೆಂಪಿಗೆ ಪೀಲಾ, ಕಪ್ಪು–ಕೆಂಪಿಗೆ ಯಾಕೂಬ್. ನನ್ನ ಮನೆಯಲ್ಲಿರುವುದು ಯಾಕೂಬ್. ಮೈ ನೋಡಿ: ಉದ್ದ ಕತ್ತು, ಉದ್ದ ಗಟ್ಟಿ ಕಾಲು, ನೆಟ್ಟಗೆ ನಿಲ್ಲುವ ಠೀವಿ, ತಲೆಗೆ ಅಂಟಿಕೊಂಡ ಚಿಕ್ಕ ಜುಟ್ಟು, ಗದ್ದದ ಕೆಳಗೆ ಜೋಲು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಲಿತ ಹುಂಜ ನಾಲ್ಕರಿಂದ ಐದು ಕಿಲೋ, ಹ್ಯಾಟೆ ಮೂರರಿಂದ ನಾಲ್ಕು. ಅಂದಹಾಗೆ, ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆಯ ಪಟ್ಟಿಯಲ್ಲಿ ಅಸೀಲ್‌ನ ತವರು ಆಂಧ್ರಪ್ರದೇಶ, ಒಡಿಶಾ, ಛತ್ತೀಸ್‌ಗಢ. ನಮ್ಮ ಜಿಲ್ಲೆಗಳ ಹೆಸರಿಲ್ಲ. ಇಲ್ಲದಿದ್ದರೇನು, ನಮ್ಮ ಅಂಗಳದಲ್ಲಿ ಇದೆಯಲ್ಲ.

ಸರ್, ನಮ್ಮ ಸ್ವಸಹಾಯ ಸಂಘದಲ್ಲಿ ಇಪ್ಪತ್ತು ಮನೆ. ಎಲ್ಲರ ಹತ್ತಿರ ನಾಲ್ಕೈದು ಕೋಳಿ. ಪ್ರತಿ ಬೇಸಿಗೆ ಕೊಕ್ಕರೆ ರೋಗ ಬಂದು ಗೂಡು ಖಾಲಿ ಆಗುತ್ತದೆ. ಐದು ಕೋಳಿಗೆ ಅಂತ ಲಸಿಕೆ ಕೇಳಿದರೆ ‘ಬಾಟಲಿ ಒಡೆಯಲು ಆಗಲ್ಲ’ ಅಂತ ವಾಪಸ್ ಕಳಿಸುತ್ತಾರೆ. ಏನು ಮಾಡೋಣ?
– ಓದುಗರು, ಸುರಪುರ ತಾಲೂಕು

ತಂಗಿ, ನಿಮ್ಮ ಪತ್ರ ಓದಿ ಸಂಕಟ ಆಯಿತು. ನೌಕರಿಯಲ್ಲಿದ್ದಷ್ಟು ವರ್ಷ ಚಿತ್ತಾಪುರ ತಾಲೂಕಿನ ಹಳ್ಳಿಗಳಲ್ಲಿ ನಾನು ಲಸಿಕೆ ಹಾಕುತ್ತಾ ತಿರುಗಿದವನು. ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ಬಿದ್ದ ಕೋಳಿಗಳ ಮುಂದೆ ಹೆಣ್ಣುಮಕ್ಕಳು ಅಳುವುದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ರಾಣಿಖೇತ್ ಅಂತಲೂ ಕರೆಯುವ ಈ ರೋಗ ಬಂದ ಮೇಲೆ ಚಿಕಿತ್ಸೆ ಇಲ್ಲ. ಮೊದಲೇ ತಡೆಯಬೇಕು.

ಬಾಟಲಿ ವಿಷಯದಲ್ಲಿ ಅವರು ಹೇಳಿದ್ದಕ್ಕೆ ಕಾರಣ ಇದೆ. ಲಸಿಕೆ ಒಣ ಪುಡಿಯ ರೂಪದಲ್ಲಿ, ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗೆ ಆಗುವಷ್ಟು, ಒಂದೇ ಬಾಟಲಿಯಲ್ಲಿ ಬರುತ್ತದೆ. ದ್ರಾವಣ ಸೇರಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಉಳಿದದ್ದು ನೀರಿಗೆ ಸಮ. ಆದರೆ ನಿಮ್ಮ ಲೆಕ್ಕ ನೋಡಿ. ಇಪ್ಪತ್ತು ಮನೆ, ಮನೆಗೆ ಐದು ಕೋಳಿ, ಅಲ್ಲಿಗೆ ನೂರು! ಒಂದು ದಿನ ಗೊತ್ತು ಮಾಡಿ, ಸಂಘದ ಠರಾವು ಬರೆದು, ಎಲ್ಲರೂ ಸಹಿ ಹಾಕಿ ಪಶು ಆಸ್ಪತ್ರೆಗೆ ಕೊಡಿ. ಐದು ಕೋಳಿಯವರಿಗೆ ಇಲ್ಲ ಅಂದವರು ನೂರು ಕೋಳಿಯ ಊರಿಗೆ ಇಲ್ಲ ಅನ್ನುವುದು ಕಷ್ಟ.

ಆ ದಿನ ಬೆಳಕು ಹರಿಯುವ ಮೊದಲೇ ಹಾಕಿಸಿ. ಗೂಡು ತೆರೆದ ಮೇಲೆ ಅಸೀಲ್ ಹಿಡಿಯಲು ಹೋದರೆ ಹೊತ್ತು ಅಲ್ಲೇ ಕಳೆಯುತ್ತದೆ. ಲಸಿಕೆ ಐಸ್ ಇರುವ ಡಬ್ಬಿಯಲ್ಲೇ ಬರಬೇಕು, ಬಾಟಲಿ ಬಿಸಿಲು ಕಾಣಬಾರದು. ವಾರದ ಮರಿಗೆ ಲಸೋಟಾ ಅನ್ನುವ ಹನಿ ಲಸಿಕೆ: ಮರಿಯನ್ನು ಅಂಗೈಯಲ್ಲಿ ಮಲಗಿಸಿ, ಕಣ್ಣಿಗೆ ಒಂದೇ ಹನಿ ಬಿಟ್ಟು, ಅದು ಕಣ್ಣು ಮಿಟುಕಿಸಿ ಹನಿ ಒಳಗೆ ಹೋಗುವವರೆಗೆ ಕೈ ಬಿಡಬೇಡಿ. ಅವಸರದಲ್ಲಿ ಬಿಟ್ಟರೆ ಹನಿ ಕೆನ್ನೆ ಮೇಲೆ ಜಾರಿ ಲಸಿಕೆ ಹಾಕಿಯೂ ಹಾಕದಂತೆ ಆಗುತ್ತದೆ. ಎಂಟರಿಂದ ಹತ್ತು ವಾರ ತುಂಬಿದವಕ್ಕೆ ಆರ್‌2ಬಿ ಚುಚ್ಚುಮದ್ದು. ಅದು ಜೋರಾದ ಲಸಿಕೆ, ಎಳೆ ಮರಿಗೆ ಕೊಡಬಾರದು. ಒಂದು ಮನೆಯೂ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಿ. ಲಸಿಕೆ ಇಲ್ಲದ ಆ ಮನೆಯಲ್ಲೇ ರೋಗ ಉಳಿದು ತಿರುಗಿ ಓಣಿಗೆ ಬರುತ್ತದೆ.

ಕೋಳಿ ಪಂದ್ಯದವರು ನನ್ನ ಹುಂಜಕ್ಕೆ ಒಳ್ಳೆ ರೇಟು ಕೊಡುತ್ತೇನೆ ಅಂತಾರೆ. ಮಾರಲೇ?
– ಓದುಗರು, ಕಲಬುರಗಿ

ಬೇಡ. ಹಕ್ಕಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಪಕ್ಕಕ್ಕಿಡಿ. ಕಾಲಿಗೆ ಬ್ಲೇಡು ಕಟ್ಟಿಸಿಕೊಂಡು ಸಾಯಲು ನಾವು ಇದನ್ನು ಮರಿಯಿಂದ ಸಾಕಿದೆವಾ? ಪಂದ್ಯದವರು ಆರಿಸಿ ಒಯ್ಯುವುದು ಊರಿನ ಗಟ್ಟಿ ಹುಂಜವನ್ನೇ. ಅದು ಒಂದು ಮಧ್ಯಾಹ್ನದಲ್ಲಿ ಮುಗಿದರೆ ಅದರ ಸಂತಾನವೂ ಮುಗಿಯಿತು. ದುಡ್ಡಿನ ಅಗತ್ಯ ಇದ್ದರೆ ಮರಿ ಮಾರಿ, ಕಾವಿನ ತತ್ತಿ ಮಾರಿ. ಸಾಕುವವರಿಗೆ ಶುದ್ಧ ತಳಿಯ ಮರಿ ಕೊಟ್ಟರೆ ಬೆಲೆ ಕೇಳಿ ಪಡೆಯಬಹುದು.

ಹತ್ತು ಕಡೆ ಹಂಚುವ ಬದಲು ಒಂದೇ ಶೆಡ್ ಕಟ್ಟಿ ಇನ್ನೂರು ಅಸೀಲ್ ಸಾಕಿದರೆ ತಳಿ ಉಳಿಯುವುದಿಲ್ಲವೇ?
– ಓದುಗರು, ಹುಮನಾಬಾದ್

ಹುಮನಾಬಾದಿನವರೇ ಈ ಪ್ರಶ್ನೆ ಕೇಳಿದ್ದೀರಿ! 2016ರ ಮೇ ತಿಂಗಳಲ್ಲಿ ನಿಮ್ಮ ತಾಲೂಕಿನಲ್ಲೇ ಹಕ್ಕಿ ಜ್ವರ ಬಂದು ಸಾವಿರಾರು ಕೋಳಿಗಳನ್ನು ಕೊಲ್ಲಬೇಕಾಯಿತು, ನೆನಪಿದೆ ಅಲ್ವಾ? ಹಕ್ಕಿ ಜ್ವರ ಖಚಿತವಾದರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ತೆಗೆಯುತ್ತಾರೆ, ಆರೋಗ್ಯವಾಗಿದ್ದರೂ ಬಿಡುವುದಿಲ್ಲ. ಒಂದೇ ಶೆಡ್‌ನಲ್ಲಿ ಇಡುವುದೆಂದರೆ ಊರಿನ ಬಿತ್ತನೆ ಬೀಜವನ್ನೆಲ್ಲ ಒಂದೇ ಹಗೇವಿನಲ್ಲಿ ಸುರಿದಂತೆ. ಶೆಡ್ ಕಟ್ಟಿ, ಬೇಡ ಅನ್ನುವುದಿಲ್ಲ. ಆದರೆ ಅದೇ ರಕ್ತದ ಕೋಳಿಗಳು ಇನ್ನೂ ಮೂರು–ನಾಲ್ಕು ಊರಲ್ಲಿ ಇರುವಂತೆ ನೋಡಿಕೊಳ್ಳಿ.

ನಾವು ಐದು ಜನ ಹುಂಜ ಬದಲಾಯಿಸಿಕೊಳ್ಳಲು ಶುರು ಮಾಡಿದೆವು. ವರ್ಷದಲ್ಲೇ ಜಗಳ. ‘ನನ್ನ ಹುಂಜ ಸೊರಗಿ ಬಂತು’, ‘ನನಗೆ ಕಳಪೆ ಮರಿ ಕೊಟ್ಟ’ ಅಂತ. ಈಗ ಮಾತೇ ನಿಂತಿದೆ. ಹೇಗೆ ಸರಿ ಮಾಡೋದು?
– ಓದುಗರು, ಬಸವಕಲ್ಯಾಣ

ಎಲ್ಲಾ ಪತ್ರಗಳಿಗಿಂತ ಇದು ನನಗೆ ಮುಖ್ಯ ಅನ್ನಿಸಿತು. ರಕ್ತದ ಲೆಕ್ಕ ಯಾರು ಬೇಕಾದರೂ ಕಲಿಯಬಹುದು. ಐದು ಜನ ಐದು ವರ್ಷ ಒಟ್ಟಿಗಿರುವುದೇ ಕಷ್ಟದ ಕೆಲಸ.

ನಮ್ಮ ಕಡೆ ಇದಕ್ಕೆ ಹಳೆಯ ದಾರಿ ಇದೆ, ಪಾಲಿಗೆ ಕೊಡುವುದು. ನಮ್ಮವ್ವ ಹ್ಯಾಟೆಗಳನ್ನು ಪಾಲಿಗೆ ಕೊಡುತ್ತಿದ್ದಳು. ಸಾಕಿದವರು ಮರಿ ದೊಡ್ಡ ಆದ ಮೇಲೆ ಅರ್ಧ ತಂದು ಕೊಡುವರು. ಯಾವ ಮರಿ ಯಾರಿಗೆ ಅಂತ ಜಗಳ ಬರದಂತೆ ಒಂದು ಪದ್ಧತಿ ಇತ್ತು. ಸಾಕಿದವಳು ಮರಿಗಳನ್ನು ಎರಡು ಗುಂಪು ಮಾಡಬೇಕು, ಅವ್ವ ಮೊದಲು ಆರಿಸಬೇಕು. ಗುಂಪು ಮಾಡುವವರಿಗೆ ಆರಿಸುವ ಹಕ್ಕಿಲ್ಲ ಅಂದಾಗ ಎರಡೂ ಗುಂಪು ಸಮ ಬರುತ್ತವೆ. ನೀವೂ ಇದನ್ನೇ ಇಟ್ಟುಕೊಳ್ಳಿ. ಹುಂಜ ಸಾಲವಾಗಿ ಕೊಟ್ಟವರಿಗೆ ಎಷ್ಟು ಮರಿ ಅಂತ ಮೊದಲೇ ಗೊತ್ತು ಮಾಡಿ.

ಕೊಡುವಾಗ, ತರುವಾಗ ಎರಡೂ ಸಲ ಹುಂಜವನ್ನು ತಕ್ಕಡಿಗೆ ಹಾಕಿ. ತೂಕ, ಕಾಲಿನ ಸ್ಥಿತಿ, ಕಣ್ಣು, ರೆಕ್ಕೆ ನೋಡಿ ಒಂದೇ ವಹಿಯಲ್ಲಿ ಇಬ್ಬರೂ ಸಹಿ ಹಾಕಿ. ಮೊಬೈಲಲ್ಲಿ ಫೋಟೋ ತೆಗೆಯಿರಿ. ಮನೆಗೊಂದು ಬಣ್ಣದ ಪ್ಲಾಸ್ಟಿಕ್ ಉಂಗುರ ಕಾಲಿಗೆ ಹಾಕಿದರೆ ಯಾವ ಮರಿ ಯಾರ ಮನೆಯದು ಅನ್ನುವ ವಾದವೇ ಬರುವುದಿಲ್ಲ. ಮರಿ ಬೆಳೆದಂತೆ ಉಂಗುರ ಬಿಗಿಯಾಗಿ ಕಾಲು ಕೊರೆಯುತ್ತದೆ, ಬದಲಾಯಿಸುತ್ತಾ ಇರಿ. ಹುಂಜ ಸಾಲಕ್ಕೆ ಹೋದಲ್ಲಿ ರೋಗದಿಂದ ಸತ್ತರೆ ದುಡ್ಡು ಕೇಳಬೇಡಿ, ಅದರ ಮಗನೊಂದನ್ನು ಕೊಡಲಿ. ಪಂದ್ಯಕ್ಕೆ ಬಿಟ್ಟು ಸತ್ತರೆ ಅಂಥವರನ್ನು ಗುಂಪಿನಲ್ಲಿ ಇಟ್ಟುಕೊಳ್ಳಬೇಡಿ.

ಕಳಪೆ ಮರಿಯ ದೂರಿಗೂ ಒಂದು ಮಾತು. ಎಲ್ಲರೂ ದೊಡ್ಡ ಹುಂಜವನ್ನೇ ಕೇಳಿದರೆ ಐದೂ ಮನೆಯಲ್ಲಿ ಒಂದೇ ಹುಂಜದ ಮಕ್ಕಳು ತುಂಬಿಕೊಳ್ಳುತ್ತವೆ. ಆಗ ಚಿಂಚೋಳಿಯವರ ಕಷ್ಟ ನಿಮಗೂ ಬರುತ್ತದೆ. ಆರೋಗ್ಯವಾಗಿದ್ದು, ಕಾಲು ನೆಟ್ಟಗಿದ್ದರೆ ತೂಕದಲ್ಲಿ ಅರ್ಧ ಕಿಲೋ ಕಡಿಮೆ ಇರುವ ಹುಂಜಕ್ಕೂ ಸರದಿ ಕೊಡಿ.

ಹುಂಜ ಬದಲಾಯಿಸುವುದನ್ನು ದಸರಾ ಮುಗಿದ ಮೇಲೆ ಇಟ್ಟುಕೊಳ್ಳಿ. ಬಿಸಿಲು ತಗ್ಗಿರುತ್ತದೆ, ಮುಂದೆ ಚಳಿಗಾಲ ಪೂರ್ತಿ ಮರಿ ಮಾಡಿಸಬಹುದು. ಬೆಳಗಿನ ಜಾವ ಗಾಳಿಯಾಡುವ ಬುಟ್ಟಿಯಲ್ಲಿ ಒಯ್ಯಿರಿ, ಕಾಲು ಕಟ್ಟಿ ಬೈಕಿಗೆ ತಲೆಕೆಳಗೆ ನೇತು ಹಾಕಬೇಡಿ. ಬಂದ ಹುಂಜವನ್ನು ಮೂರು–ನಾಲ್ಕು ವಾರ ಬೇರೆ ಕಟ್ಟಿ, ನೀರಿನ ಬಟ್ಟಲೂ ಬೇರೆ ಇಡಿ. ನಿಮ್ಮ ಕೋಳಿಗಳಿಗೆ ಮೊದಲು ಮೇವು ಹಾಕಿ, ಅದಕ್ಕೆ ಕೊನೆಗೆ ಹಾಕಿ, ಕೈಕಾಲು ತೊಳೆದುಕೊಂಡು ಬನ್ನಿ. ಅಷ್ಟರಲ್ಲಿ ಸೀನು, ಹಸಿರು ಹಿಕ್ಕೆ ಏನೂ ಕಾಣದಿದ್ದರೆ ಹ್ಯಾಟೆಗಳ ಜೊತೆ ಬಿಡಿ. ಮಾತು ಬಿಟ್ಟವರನ್ನು ಕರೆಯಲು ಸಂಕೋಚ ಅನ್ನಿಸಿದರೆ ನನ್ನ ಹೆಸರು ಹೇಳಿ, ಮೊದಲ ದಿನ ತಕ್ಕಡಿ ಹಿಡಿಯಲು ನಾನೇ ಬಸವಕಲ್ಯಾಣಕ್ಕೆ ಬರುತ್ತೇನೆ.