ಸಂಪಾದಕರ ಉತ್ತರ: ಬೆರಳು ಸೊಟ್ಟಗಾದ ಡಾಕ್ಟರು ಮತ್ತು ನಿಮ್ಮ ಮೊಮ್ಮಗಳು

ಮಾನ್ಯ ಮಾಸ್ತರೇ, ನಮಸ್ಕಾರ.

ರಾಣೆಬೆನ್ನೂರಿನಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಹಾಗಾಗಿ ಉಳಿದ ಓದುಗರಿಗೆ ಅದರ ಸಾರ ಹೇಳಿ ಉತ್ತರಕ್ಕೆ ಬರುತ್ತೇನೆ. ಹಿಂದಿನ ಸಂಚಿಕೆಯಲ್ಲಿ ನಾವು ಮದುರೆಯ ಕಣ್ಣಿನ ಡಾಕ್ಟರು ಜಿ. ವೆಂಕಟಸ್ವಾಮಿಯವರ ಬಗ್ಗೆ ಎಂಟು ಪುಟದ ಲೇಖನ ಹಾಕಿದ್ದೆವು. ನಿಮಗೆ ಅದು ಹಿಡಿಸಲಿಲ್ಲ. "ನಮ್ಮ ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಬಡವರ ಕಣ್ಣು ತೆರೆಸಿದವರು. ಅವರನ್ನು ಬಿಟ್ಟು ಟ್ರೈನಿಂಗು, ಮ್ಯಾನೇಜ್‌ಮೆಂಟು ಅಂತ ಕೂತವರನ್ನು ಹೊಗಳಲು ಇಷ್ಟು ಕಾಗದ ಯಾಕೆ? ಕತ್ತಿ ಹಿಡಿಯುವ ಕೈಗೆ ಕುರ್ಚಿಯ ಮೋಹ ಹತ್ತಿದರೆ ಬಡವನ ಗತಿ ಏನು?" ಎಂದು ಕೇಳಿದ್ದೀರಿ. ಇದರ ಹಿಂದೆ ಮನೆಯ ಮಾತೂ ಒಂದಿದೆ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸುತ್ತಿರುವ ಮೊಮ್ಮಗಳು ಮುಂದೆ ಕಣ್ಣಿನ ಸರ್ಜನ್ ಆಗಿ ಮೆಡಿಕಲ್ ಕಾಲೇಜಿನಲ್ಲಿ ಕಲಿಸುತ್ತೇನೆ ಅನ್ನುತ್ತಿದ್ದಾಳೆ. ನಿಮ್ಮ ತಕರಾರು: "ಡಾಕ್ಟರಾದವಳು ಡಾಕ್ಟರಕಿ ಮಾಡಲಿ, ಮಾಸ್ತರಕಿ ಯಾಕೆ?"

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರೇ ಹೀಗೆ ಕೇಳಿದರೆ ನಾನು ಯಾರ ಹತ್ತಿರ ಹೋಗಿ ಹೇಳಿಕೊಳ್ಳಲಿ!

ಮೋದಿಯವರ ವಿಷಯದಲ್ಲಿ ನಿಮ್ಮ ಜೊತೆ ನನಗೆ ಜಗಳವಿಲ್ಲ. ಗಿನ್ನೆಸ್ ದಾಖಲೆ ಪುಸ್ತಕ ಅವರ ಹೆಸರಿಗೆ ಒಂದೇ ದಿನದ 833 ಪೊರೆ ಆಪರೇಷನ್‌ಗಳನ್ನೂ, 1993ರ ಫೆಬ್ರವರಿಯವರೆಗೆ ಒಟ್ಟು 6,10,564 ಆಪರೇಷನ್‌ಗಳನ್ನೂ ಬರೆದುಕೊಂಡಿದೆ. ರಸ್ತೆಯೇ ಸರಿಯಿಲ್ಲದ ಕಾಲದಲ್ಲಿ ಡಾಕ್ಟರು ಹಳ್ಳಿಗೆ ಬರುತ್ತಾರೆ ಎಂಬುದೇ ದೊಡ್ಡ ಸುದ್ದಿ. ಆದರೆ ನೀವು ಗಣಿತದವರು, ಆ 833ನ್ನು ಒಮ್ಮೆ ಭಾಗಿಸಿ ನೋಡಿ. ಹದಿನಾಲ್ಕು ಗಂಟೆ ಊಟ ನೀರಿಲ್ಲದೆ ನಿಂತರೂ ನಿಮಿಷಕ್ಕೊಂದು ಕಣ್ಣು ಬರುತ್ತದೆ. ರೋಗಿಯನ್ನು ಮಲಗಿಸಿ, ಕಣ್ಣು ತೊಳೆದು, ಮರಗಟ್ಟುವ ಸೂಜಿ ಚುಚ್ಚಿ, ಪೊರೆ ತೆಗೆದು, ಪಟ್ಟಿ ಕಟ್ಟಿ ಎಬ್ಬಿಸಿ ಕಳಿಸುವುದು ಒಬ್ಬ ಮನುಷ್ಯನಿಂದ ನಿಮಿಷದಲ್ಲಿ ಆಗುವ ಕೆಲಸವಲ್ಲ. ಮುಂಚಿನದಕ್ಕೂ ಆಮೇಲಿನದಕ್ಕೂ ಬೇರೆ ಕೈಗಳು ಬೇಕು, ಆ ಕೈಗಳನ್ನು ಯಾರೋ ಪಳಗಿಸಿರಬೇಕು. ನೀವು ಮಾಸ್ತರಕಿ ಎಂದು ಪಕ್ಕಕ್ಕೆ ಸರಿಸಿದ್ದು ಮೋದಿಯವರ ಲೆಕ್ಕದೊಳಗೂ ಕೂತಿದೆ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ನೀವು ಅಷ್ಟಾಗಿ ಗಮನ ಕೊಡದೆ ಬರೆದ ಒಂದು ಸಾಲಿದೆ. ನಿಮ್ಮ ದೊಡ್ಡಪ್ಪ ಶಿಬಿರದಲ್ಲಿ ಪೊರೆ ತೆಗೆಸಿಕೊಂಡು ಬಂದು, ಕೋಲು ಎಸೆದು ಹೊಲಕ್ಕೆ ಹೋಗುವಂತಾದರು. ಎರಡು ವರ್ಷಕ್ಕೆ ಚಾಳೀಸು ಒಡೆಯಿತು, ಮತ್ತೆ ಹುಡುಗರ ಕೈ ಹಿಡಿದರು. ನಾನು ಆ ಸಾಲಿನಲ್ಲೇ ಸಿಕ್ಕಿಕೊಂಡೆ. ಆಗಿನ ಆಪರೇಷನ್ನಿನಲ್ಲಿ ಮಂಜಾದ ಮಸೂರವನ್ನು ಅದರ ಚೀಲದ ಸಮೇತ ಹೊರಗೆ ತೆಗೆದುಬಿಡುತ್ತಿದ್ದರು. ಕಣ್ಣಿಗೆ ಬೆಳಕೇನೋ ಬರುತ್ತಿತ್ತು, ನೋಟ ನೆಲೆ ನಿಲ್ಲಬೇಕಾದರೆ ಪ್ಲಸ್ ಹತ್ತರ ಆಸುಪಾಸಿನ ಸೋಡಾಬುಡ್ಡಿ ಕನ್ನಡಕ ಬೇಕು. ಅದರಲ್ಲಿ ಎದುರಿನದು ಕಾಲುಭಾಗ ದೊಡ್ಡದಾಗಿ ಕಾಣುತ್ತದೆ, ಮಗ್ಗುಲಿಂದ ನುಗ್ಗುವ ಎತ್ತು ಕಾಣುವುದೇ ಇಲ್ಲ. ಒಡೆದರೆ ಮುಗಿಯಿತು, ಶಿಬಿರ ಅಷ್ಟರಲ್ಲಿ ಇನ್ನೊಂದು ಊರಿಗೆ ಹೋಗಿರುತ್ತದೆ. ಇದು ಮೋದಿಯವರ ತಪ್ಪಲ್ಲ, ಆ ಕಾಲದ ವಿದ್ಯೆಯೇ ಅಷ್ಟು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣಿನೊಳಗೆ ಪ್ಲಾಸ್ಟಿಕ್ ಮಸೂರ ಕೂರಿಸಿದ್ದರು. ನಿಮ್ಮ ದೊಡ್ಡಪ್ಪನಂಥವರಿಗೆ ಅದು ಮುಟ್ಟಲು ನಾಲ್ಕು ದಶಕ ಹಿಡಿಯಿತು. ಮಸೂರದ ಬೆಲೆ ಒಂದು ಅಡ್ಡಿ. ಚೀಲ ಉಳಿಸಿಕೊಂಡು, ಮೈಕ್ರೋಸ್ಕೋಪಿನ ಕೆಳಗೆ ಮಾಡುವ ಹೊಸ ಕೆಲಸವನ್ನು ನುರಿತ ಸರ್ಜನ್‌ಗಳೂ ಮೊದಲಿಂದ ಕಲಿಯಬೇಕಾಗಿದ್ದು ಇನ್ನೊಂದು ಅಡ್ಡಿ. ಕಲಿಸುವವರು ಯಾರು?

ಮದುರೆಗೆ ಹೋಗೋಣ.

ವೆಂಕಟಸ್ವಾಮಿ 1918ರಲ್ಲಿ ತಮಿಳುನಾಡಿನ ವಡಮಲಾಪುರಂ ಎಂಬ ಹಳ್ಳಿಯಲ್ಲಿ, ರೈತರ ಮನೆಯಲ್ಲಿ ಹುಟ್ಟಿದವರು. ಸಂಬಂಧಿಕರ ಹೆಣ್ಣುಮಕ್ಕಳು ಹೆರಿಗೆ ಹೊತ್ತಿನಲ್ಲಿ ಸತ್ತದ್ದನ್ನು ಚಿಕ್ಕಂದಿನಲ್ಲೇ ನೋಡಿ, ಹೆರಿಗೆ ಡಾಕ್ಟರಾಗಬೇಕೆಂದು ಹೊರಟವರು. 1944ರಲ್ಲಿ ಮದರಾಸಿನ ಸ್ಟ್ಯಾನ್ಲಿ ಮೆಡಿಕಲ್ ಕಾಲೇಜಿನಿಂದ ಹೊರಬಂದು ಸೈನ್ಯ ಸೇರಿದರು. ಅಲ್ಲಿ ಕೀಲುಗಳಿಗೆ ಕೆಟ್ಟ ವಾತ ಬಡಿಯಿತು. ತಿಂಗಳುಗಟ್ಟಲೆ ಹಾಸಿಗೆ. ಎದ್ದಾಗ ಕೈಬೆರಳುಗಳು ಸೊಟ್ಟಗಾಗಿ ಗಂಟುಕಟ್ಟಿದ್ದವು, ಪೆನ್ನು ಹಿಡಿಯುವುದೂ ಕಷ್ಟ. ಹೆರಿಗೆಯ ಆಸೆ ಅಲ್ಲಿಗೆ ಬಿಟ್ಟಿತು. ಅಂಥ ಕೈಯವರು ಆಮೇಲೆ ಆರಿಸಿಕೊಂಡದ್ದು, ಕೈ ಕೂದಲೆಳೆಯಷ್ಟು ಅಲುಗಿದರೂ ಕೆಡುವ ಕಣ್ಣಿನ ಕೆಲಸವನ್ನು! ತಮ್ಮ ಬೆರಳಿಗೆ ಒಗ್ಗುವ ಹಾಗೆ ಉಪಕರಣ ಮಾಡಿಸಿಕೊಂಡು, ಕತ್ತಿ ಹಿಡಿಯುವುದನ್ನು ಹೊಸದಾಗಿ ರೂಢಿಸಿಕೊಂಡರು. ಜೀವಮಾನದಲ್ಲಿ ಆ ಕೈ ಒಂದು ಲಕ್ಷಕ್ಕೂ ಮೀರಿ ಕಣ್ಣುಗಳಿಗೆ ಆಪರೇಷನ್ ಮಾಡಿತು. ಆದ್ದರಿಂದ ಅವರು ಕತ್ತಿ ಬಿಟ್ಟು ಕುರ್ಚಿ ಹಿಡಿದವರು ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ.

ನನಗೆ ಹೆಚ್ಚು ಹಿಡಿಸುವುದು ಆ ಲಕ್ಷವಲ್ಲ. ತನ್ನ ಕೈಗೆ ತಾನೇ ಮಾಸ್ತರಾಗಬೇಕಾಗಿ ಬಂದವನು, ಪ್ರತಿ ಚಲನೆಯನ್ನೂ ಬಿಡಿಸಿ, ಯಾವುದು ಮೊದಲು, ಭಾರ ಎಲ್ಲಿ ಬೀಳಬೇಕು, ಬೆರಳು ಎಲ್ಲಿ ಒರಗಬೇಕು ಎಂದು ಲೆಕ್ಕ ಹಾಕಿಕೊಂಡಿರಲೇಬೇಕು. ಹುಟ್ಟಾ ಚುರುಕು ಕೈಯವರಿಗೆ ತಮ್ಮ ಕೈ ಏನು ಮಾಡುತ್ತದೆ ಎಂಬುದೇ ಗೊತ್ತಿರುವುದಿಲ್ಲ. ನಿಮ್ಮ ಗಣಿತದಲ್ಲೂ ಹಾಗೇ ಅಲ್ಲವೆ? ಲೆಕ್ಕ ತಟ್ಟನೆ ಹೊಳೆಯುವವನು ಕಲಿಸಲಾರ, ಒದ್ದಾಡಿ ಕಲಿತವನು ಕಲಿಸುತ್ತಾನೆ. ಇದು ನನ್ನ ಊಹೆ. ಅವರು 1956ರಿಂದ ಇಪ್ಪತ್ತು ವರ್ಷ ಮದುರೆ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗದ ಮುಖ್ಯಸ್ಥರಾಗಿದ್ದರು ಎಂಬುದು ಮಾತ್ರ ಊಹೆಯಲ್ಲ. ಆ ಸರ್ಕಾರಿ ನೌಕರಿಯಲ್ಲೇ ಹಳ್ಳಿ ಶಿಬಿರಗಳನ್ನೂ, ಡಾಕ್ಟರಲ್ಲದ ಕಣ್ಣಿನ ಸಹಾಯಕರ ತರಬೇತಿಯನ್ನೂ ಶುರುಮಾಡಿದರು.

ಕಣ್ಣಿನ ಆಪರೇಷನ್ ಕಲಿಸುವುದು ಏನೆಂದು ನಾನು ಹೋದ ವರ್ಷ ಮಲಗಿಕೊಂಡು ಕಲಿತೆ. ಎಡಗಣ್ಣಿನ ಪೊರೆ ತೆಗೆಸಲು ಒಂದು ಬೋಧನಾ ಆಸ್ಪತ್ರೆಗೆ ಹೋಗಿದ್ದೆ. ಈಗ ಬರೀ ಹನಿ ಹಾಕಿ ಮರಗಟ್ಟಿಸುತ್ತಾರೆ. ಮುಖಕ್ಕೆಲ್ಲ ಬಟ್ಟೆ, ಕಣ್ಣಿಗೆ ಬೆಳಕಿನ ಚುಕ್ಕೆಗಳು ಮಾತ್ರ, ಕಿವಿ ಪೂರಾ ಎಚ್ಚರ. ಮೇಲಿಂದ ಎರಡು ದನಿ ಕೇಳಿದವು. "ಅವಸರ ಬೇಡ. ಕೈ ಒರಗಿಸು. ಹಾಂ, ಈಗ ತಿರುಗಿಸು" ಎಂದಿತು ವಯಸ್ಸಾದ ಹೆಂಗಸಿನ ದನಿ. ಸ್ವಲ್ಪ ಹೊತ್ತು ಮೌನ. "ಬಿಡು, ಇದಿಷ್ಟು ನಾನು ಮಾಡ್ತೀನಿ. ನೋಡ್ತಾ ಇರು." ನನ್ನ ಎದೆ ಡವಡವ. ನನ್ನ ಕಣ್ಣಿನ ಮೇಲೆ ಅಭ್ಯಾಸ ನಡೆಸಿದ್ದಾರಲ್ಲ ಎಂದು ಸಿಟ್ಟು ಬಂತು. ಮೊದಲೇ ಒಂದು ಮಾತು ಹೇಳಬೇಕಿತ್ತು, ಹೇಳಿರಲಿಲ್ಲ. ಆ ಸಿಟ್ಟು ಈಗಲೂ ಇದೆ.

ಆದರೆ ಆಮೇಲೆ ವಿಚಾರಿಸಿದಾಗ ತಿಳಿದದ್ದು ಬೇರೆ. ಒಂದೇ ಮೈಕ್ರೋಸ್ಕೋಪಿಗೆ ಎರಡು ಜೊತೆ ಕಣ್ಣು ಹಚ್ಚುವ ಏರ್ಪಾಡಿರುತ್ತದೆ, ಶಿಷ್ಯ ನೋಡುವುದನ್ನೆಲ್ಲ ಗುರುವೂ ನೋಡುತ್ತಿರುತ್ತಾರೆ. ಶಿಷ್ಯ ಮೊದಲು ಕಸಾಯಿಖಾನೆಯಿಂದ ತಂದ ಮೇಕೆ ಕಣ್ಣಿನ ಮೇಲೆ ಕೈ ತಿದ್ದಿಕೊಂಡಿರಬೇಕು. ಮನುಷ್ಯರ ಕಣ್ಣಿಗೆ ಬಂದಾಗಲೂ ಇಡೀ ಆಪರೇಷನ್ ಕೊಡುವುದಿಲ್ಲ, ಒಬ್ಬರಲ್ಲಿ ಒಂದು ಹಂತ, ಇನ್ನೊಬ್ಬರಲ್ಲಿ ಮುಂದಿನ ಹಂತ. ಮಸೂರದ ಹಿಂಬದಿಯ ಚೀಲ ಕೂದಲಿನ ದಪ್ಪದ ಹತ್ತನೇ ಒಂದು ಪಾಲಿಗಿಂತ ತೆಳು. ಅದು ಹರಿದರೆ ಹೊಸ ಮಸೂರ ಕೂರಿಸುವ ಜಾಗವೇ ಹೋಗುತ್ತದೆ. ಹರಿಯುವುದಕ್ಕೆ ಒಂದು ಕ್ಷಣ ಮೊದಲು "ಬಿಡು" ಅನ್ನುವುದು, ಅದಕ್ಕಿಂತ ಮೊದಲು ಅನ್ನದಿರುವುದು, ಇದೇ ಆ ತಾಯಿಯ ವಿದ್ಯೆ. ಬೇಗ ಕಸಿದುಕೊಂಡರೆ ಹುಡುಗ ಎಂದೂ ಕಲಿಯುವುದಿಲ್ಲ. ತಡವಾದರೆ ನನ್ನಂಥವನ ಕಣ್ಣು ಹೋಗುತ್ತದೆ. ತಾನೇ ಮಾಡಿದ್ದರೆ ಆಕೆಗೆ ಅರ್ಧ ಹೊತ್ತು ಸಾಕಿತ್ತು. ಇದನ್ನು ನೀವು ಕುರ್ಚಿಯ ಮೋಹ ಅನ್ನುತ್ತೀರಾ?

ವೆಂಕಟಸ್ವಾಮಿ 1976ರಲ್ಲಿ, 58ಕ್ಕೆ ನಿವೃತ್ತರಾದರು. ನಿಮ್ಮ ಹಾಗೆ ಪೆನ್ಷನ್ ತೆಗೆದುಕೊಂಡು ಪತ್ರಿಕೆಗಳಿಗೆ ಕಾಗದ ಬರೆಯಬಹುದಿತ್ತು (ಬರೆಯುತ್ತಿರಿ, ನಮಗೆ ಬೇಕು). ಅವರು ತಂಗಿ ಡಾ. ನಾಚ್ಚಿಯಾರ್, ಭಾವಮೈದುನ ಡಾ. ನಂಪೆರುಮಾಳ್‌ಸ್ವಾಮಿ ಮುಂತಾದ ಮನೆಯವರನ್ನೇ ಕಟ್ಟಿಕೊಂಡು 11 ಹಾಸಿಗೆಯ ಆಸ್ಪತ್ರೆ ತೆರೆದರು. ಶ್ರೀ ಅರವಿಂದರ ಭಕ್ತರಾದ್ದರಿಂದ ಅದಕ್ಕೆ ಅರವಿಂದ ಎಂದು ಹೆಸರು. ಹಣ ಕೊಡಬಲ್ಲವರು ಕೊಡಲಿ, ಆ ಹಣದಲ್ಲೇ ಕೊಡಲಾರದವರ ಕಣ್ಣೂ ನೋಡೋಣ ಎಂಬ ಲೆಕ್ಕ.

ಅಮೆರಿಕದಲ್ಲಿ ಮ್ಯಾಕ್‌ಡೊನಾಲ್ಡ್ಸ್ ಅಂಗಡಿ ನೋಡಿ, ಯಾವ ಊರಿನ ಹುಡುಗನನ್ನು ನಿಲ್ಲಿಸಿದರೂ ಒಂದೇ ರುಚಿ ಬರುವಂತೆ ಕಲಿಸುವುದು ಹೇಗೆ ಎಂದು ಅವರು ತಲೆ ಕೆಡಿಸಿಕೊಂಡ ಕಥೆಯನ್ನು ನಮ್ಮ ಲೇಖನ ಹೇಳಿತ್ತು. ನಿಮಗೆ ಅದು ಸಿಟ್ಟು ತರಿಸಿತು. ನಿಜ ಹೇಳಲೇ, ಆ ಹೋಲಿಕೆ ನನಗೂ ನಾಲಗೆಗೆ ಹತ್ತುವುದಿಲ್ಲ. ಕಣ್ಣು ಬನ್ನಲ್ಲ. ಆದರೆ ಆಪರೇಷನ್ ಕೋಣೆಯಲ್ಲಿ ಅದು ಏನಾಯಿತು ನೋಡಿ. ಒಬ್ಬ ಸರ್ಜನ್‌ಗೆ ಎರಡು ಮೇಜು. ಒಂದರಲ್ಲಿ ಪೊರೆ ತೆಗೆಯುವಷ್ಟರಲ್ಲಿ ಇನ್ನೊಂದರಲ್ಲಿ ಮುಂದಿನ ರೋಗಿ ಸಿದ್ಧ. ಸಿದ್ಧ ಮಾಡುವವರು ಹಳ್ಳಿಗಳಿಂದ ಆರಿಸಿ ತಂದು ಎರಡು ವರ್ಷ ತರಬೇತಿ ಕೊಟ್ಟ ಹೆಣ್ಣುಮಕ್ಕಳು. ದೃಷ್ಟಿ ಪರೀಕ್ಷೆ, ಕಣ್ಣಿನ ಒತ್ತಡ ನೋಡುವುದು, ಮಸೂರದ ಪವರ್ ಅಳೆಯುವುದು, ರೋಗಿಗೆ ಧೈರ್ಯ ಹೇಳುವುದು, ಎಲ್ಲ ಅವರದೇ. ಡಾಕ್ಟರರಿಂದಲೇ ಆಗಬೇಕಾದದ್ದನ್ನು ಮಾತ್ರ ಡಾಕ್ಟರರಿಗೆ ಬಿಟ್ಟರು. ಹೀಗಾಗಿ ಅಲ್ಲಿ ಒಬ್ಬೊಬ್ಬರು ವರ್ಷಕ್ಕೆ ಸುಮಾರು 2,000 ಆಪರೇಷನ್ ಮಾಡುವಂತಾಯಿತು.

ಇನ್ನೊಂದು ಸಂಗತಿ ಶಿಬಿರಗಳ ಬಗ್ಗೆ. ಆಪರೇಷನ್ ಪುಕ್ಕಟೆ ಎಂದು ಡಂಗುರ ಹೊಡೆದರೂ ಎಷ್ಟೋ ಜನ ಬರುತ್ತಿರಲಿಲ್ಲ. ಯಾಕೆಂದು ಕೇಳಿಕೊಂಡು ಹೋದರು. ಬಸ್ ಚಾರ್ಜು ಯಾರು ಕೊಡುತ್ತಾರೆ, ಅಲ್ಲಿ ಊಟ ಏನು, ಜೊತೆಗೆ ಬರುವ ಮಗನ ಕೂಲಿ ಹೋಗುತ್ತದಲ್ಲ, ಮುದುಕಿಗೆ ಇನ್ನೇನು ಕಣ್ಣು ಬೇಕು! ಆಮೇಲೆ ಆಸ್ಪತ್ರೆಯೇ ಬಸ್ಸು ಕಳಿಸಿತು, ಊಟ ಹಾಕಿತು, ಒಂದೂರಿನವರನ್ನು ಒಟ್ಟಿಗೆ ಕರೆತಂದು ಒಟ್ಟಿಗೆ ವಾಪಸು ಬಿಟ್ಟಿತು. ಹಳ್ಳಿಯಲ್ಲಿ ಪರೀಕ್ಷೆ, ಆಸ್ಪತ್ರೆಯಲ್ಲಿ ಆಪರೇಷನ್. ಶಾಲೆಯ ಕೋಣೆಯಲ್ಲಿ, ಡೇರೆಯಲ್ಲಿ ಕಣ್ಣು ತೆರೆದರೆ ಸೋಂಕಿನ ಭಯ ಇದ್ದೇ ಇದೆ. ಈಗ ದೇಶದಲ್ಲೆಲ್ಲ ನಡೆಯುತ್ತಿರುವುದು ಈ ಪದ್ಧತಿಯೇ.

1992ರಲ್ಲಿ ಆರೋಲ್ಯಾಬ್ ಎಂಬ ಘಟಕ ತೆರೆದು ಮಸೂರವನ್ನೂ ಅಲ್ಲೇ ಮಾಡತೊಡಗಿದರು. ಸಾವಿರಾರು ರೂಪಾಯಿಯ ಆಮದು ಮಾಲು ಕೆಲವೇ ನೂರಕ್ಕೆ ಇಳಿಯಿತು. ಬೇರೆ ಆಸ್ಪತ್ರೆಗಳವರಿಗೆ ತಮ್ಮ ರೀತಿಯನ್ನು ಕಲಿಸಲು ಒಂದು ಸಂಸ್ಥೆಯನ್ನೂ ಅದೇ ವರ್ಷ ಕಟ್ಟಿದರು. ತಮ್ಮ ಗುಟ್ಟನ್ನು ಎದುರಾಳಿಗೆ ಫೀಸು ತೆಗೆದುಕೊಂಡು ಹೇಳಿಕೊಡುವ ವ್ಯಾಪಾರಿಯನ್ನು ನೀವು ರಾಣೆಬೆನ್ನೂರು ಪೇಟೆಯಲ್ಲಿ ನೋಡಿದ್ದೀರಾ? ಚಾಳೀಸು ಒಡೆದು ಮತ್ತೆ ಕುರುಡಾಗುವ ದೊಡ್ಡಪ್ಪಂದಿರು ಕಡಿಮೆಯಾದದ್ದು ಹೀಗೆ. ವೆಂಕಟಸ್ವಾಮಿ 2006ರ ಜುಲೈಯಲ್ಲಿ ತೀರಿಕೊಂಡರು. ಮರುದಿನ ಆಸ್ಪತ್ರೆಯ ಬಾಗಿಲಲ್ಲಿ ಸಾಲು ಕಡಿಮೆಯಾಗಬೇಕಾದ ಕಾರಣವಿರಲಿಲ್ಲ.

ನಮ್ಮ ಕಡೆಯ ಒಂದು ಮಾತು ಹೇಳಿ ಬಿಡುತ್ತೇನೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣಿನಿಂದ ನಾಲ್ವರಿಗೆ ನೋಟ ಬಂತು. ಕಣ್ಣಿನ ಮುಂದಿನ ಪಾರದರ್ಶಕ ಪರದೆಯಾದ ಕಾರ್ನಿಯಾವನ್ನು ಪದರ ಪದರವಾಗಿ ಬಿಡಿಸಿ, ಒಬ್ಬರಿಗೆ ಮೇಲಿನದು, ಇನ್ನೊಬ್ಬರಿಗೆ ಒಳಗಿನದು ಎಂದು ಕೂರಿಸಿದರು. ಕಣ್ಣು ಪಡೆದದ್ದು ಡಾ. ಭುಜಂಗ ಶೆಟ್ಟಿಯವರು ಕಟ್ಟಿದ ನಾರಾಯಣ ನೇತ್ರಾಲಯ. ಆಮೇಲೆ ಕಣ್ಣು ದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದದ್ದು ನಿಮಗೂ ನೆನಪಿರಬೇಕು. ದಾನಿಯ ಹೆಸರು ನಮಗೆ ಗೊತ್ತು. ಪದರ ಬಿಡಿಸುವುದನ್ನು ಆ ಸರ್ಜನ್‌ಗಳಿಗೆ ಕಲಿಸಿದ ಮಾಸ್ತರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ, ನಮ್ಮದರಲ್ಲೂ.

ಒಂದನ್ನು ಒಪ್ಪುತ್ತೇನೆ. ಸಂಘದ ಅಧ್ಯಕ್ಷಗಿರಿಗಾಗಿಯೇ ಓಡಾಡುವ, ಶಿಬಿರಕ್ಕೆ ಬ್ಯಾನರ್ ಹೊತ್ತು ಬಂದು ಫೋಟೋ ಆದ ಮೇಲೆ ಕಾರು ಹತ್ತುವ ಡಾಕ್ಟರರಿದ್ದಾರೆ. ಅವರ ಬಗ್ಗೆ ನೀವು ಬಳಸಿದ ಶಬ್ದವನ್ನು ಅಚ್ಚು ಹಾಕುವಂತಿಲ್ಲ, ಆದರೆ ಓದಿ ನಕ್ಕೆ.

ಮೊಮ್ಮಗಳಿಗೆ ಹೇಳಿ: ಪಿಜಿ ಸೀಟು ಆರಿಸುವಾಗ ಕಾಲೇಜಿನ ಕಟ್ಟಡ ನೋಡುವುದು ಬೇಡ. ಅಲ್ಲಿ ಕೊನೆಯ ವರ್ಷದಲ್ಲಿರುವವರನ್ನು ಕ್ಯಾಂಟೀನಿನಲ್ಲಿ ಹಿಡಿದು, ನಿನ್ನ ಕೈಯಾರೆ ಪೂರ್ತಿ ಎಷ್ಟು ಪೊರೆ ತೆಗೆದೆ ಎಂದು ಕೇಳಲಿ. ಸಂಖ್ಯೆ ಹೇಳಲು ತಡವರಿಸಿದರೆ ಅಲ್ಲಿ ನೋಡುವುದು ಹೆಚ್ಚು, ಮಾಡುವುದು ಕಡಿಮೆ ಎಂದು ಅರ್ಥ. ಕಲಿಸುವ ಆಸೆ ಇದ್ದವಳಿಗೆ ಮೊದಲು ಕಲಿಸಿಕೊಳ್ಳುವ ಜಾಗ ಸಿಗಬೇಕು.

ಕೊನೆಯದಾಗಿ, ನಿಮ್ಮ ಬಲಗಣ್ಣಿನ ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ ಎಂದು ಕಾಯುತ್ತಿದ್ದೇನೆ ಎಂದು ಬರೆದಿದ್ದೀರಿ. ಅದು ದೊಡ್ಡಪ್ಪನ ಕಾಲದ ಮಾತು. ಈಗ ಬಲಿಯಲು ಕಾಯಬೇಕಿಲ್ಲ, ದಿನದ ಕೆಲಸಕ್ಕೆ ತೊಡಕಾಗತೊಡಗಿದರೆ ತೆಗೆಸಬಹುದು. ತೀರಾ ಬಲಿತರೆ ಗಟ್ಟಿಯಾಗಿ ಆಪರೇಷನ್ ಕಷ್ಟವಾಗುತ್ತದೆ, ಕಣ್ಣಿನ ಒತ್ತಡ ಏರುವುದೂ ಉಂಟು. ನಾನು ಡಾಕ್ಟರಲ್ಲ, ತೋರಿಸಿಕೊಂಡು ನಿರ್ಧರಿಸಿ. ಆದರೆ ನಿಮ್ಮ ಪತ್ರದ ಮೊದಲ ಪುಟದಲ್ಲಿ ಗೆರೆ ಎಳೆದಂತಿದ್ದ ಸಾಲುಗಳು ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಒಂದರ ಮೇಲೊಂದು ಹತ್ತಿವೆ, ನಮ್ಮ ಡಿಟಿಪಿ ಹುಡುಗಿ ಬಿಡಿಸಿ ಓದಲು ಅರ್ಧ ದಿನ ತೆಗೆದುಕೊಂಡಳು. ಹುಬ್ಬಳ್ಳಿಗೆ ಹೋಗಿ ಬನ್ನಿ. ಮೇಜಿನ ಮೇಲೆ ಮಲಗಿದಾಗ ಎರಡು ದನಿ ಕೇಳಿಸಿದರೆ ಅಲುಗಾಡಬೇಡಿ.

ನಿಮ್ಮವ,
ಸಂಪಾದಕ