ಜೂಲಿ ಮಾವು ಹಳದಿಯಾಗಲಿ ಅಂತ ಕಾಯಬೇಡಿ

ಟ್ರಿನಿಡಾಡ್‌ಗೆ ಹೊಸದಾಗಿ ಬಂದಿದ್ದೀರಿ, ತಂದಿಟ್ಟ ಜೂಲಿ ಮಾವು ಇನ್ನೂ ಹಸಿರಾಗಿಯೇ ಇದೆ, ಸೀಕರಣೆಗೆ ನಮ್ಮ ಬಾದಾಮಿ ಮಾವಿನಷ್ಟು ಚೆನ್ನಾಗಿರುತ್ತಾ ಅಂತ ಕೇಳಿದ್ದೀರಿ. ಮೊದಲು ಎದ್ದು ಹೋಗಿ ಆ ಹಣ್ಣನ್ನು ಮೂಸಿ ನೋಡಿ. ಉತ್ತರ ಆಮೇಲೆ ಓದಿದರಾಯಿತು.

ಇಲ್ಲಿನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನನ್ನ ಮೊದಲ ಮಾವಿನ ಕಾಲ. ನಾಲ್ಕು ಜನರನ್ನು ಊಟಕ್ಕೆ ಕರೆದಿದ್ದೆ, ಸೀಕರಣೆಗೆಂದು ಒಂದು ಬುಟ್ಟಿ ಜೂಲಿ ತಂದೆ. ದಿನಾ ಬೆಳಿಗ್ಗೆ ಬುಟ್ಟಿ ತೆಗೆದು ಬಣ್ಣ ನೋಡುವುದು, ಇನ್ನೂ ಕಾಯಿ ಅಂತ ಮುಚ್ಚಿಡುವುದು. ಅಡುಗೆಮನೆ ಪೂರ್ತಿ ಘಮ ಘಮ ಅಂತಿತ್ತು. ಆದರೂ ಒಂದನ್ನೂ ಒತ್ತಿ ನೋಡಲಿಲ್ಲ! ಬಾದಾಮಿ ತಿಂದು ಬೆಳೆದ ಕಣ್ಣು, ಹಳದಿ ಆಗದೆ ಹಣ್ಣು ಅಂತ ಒಪ್ಪಲೇ ಇಲ್ಲ. ಜೂಲಿ ಪೂರ್ತಿ ಹಣ್ಣಾದರೂ ಮೈಮೇಲೆ ಹಸಿರು ಉಳಿದೇ ಇರುತ್ತದೆ. ಅಲ್ಲಲ್ಲಿ ಹಳದಿ, ಬಿಸಿಲು ಬಿದ್ದ ಕಡೆ ಒಂದಿಷ್ಟು ಕೆಂಪು, ಅಷ್ಟೇ. ಜೊತೆಗೆ ಜೂನ್ ಮಳೆ. ಈ ತಳಿಗೆ ಚಿಬ್ಬು ರೋಗ ಬೇಗ ಹತ್ತುತ್ತದೆ. ಮರದಲ್ಲೇ ಸೇರಿಕೊಂಡ ಶಿಲೀಂಧ್ರ ಕಾಯಿ ಇರುವವರೆಗೂ ಸುಮ್ನೆ ಇದ್ದು, ಹಣ್ಣಾದ ಕೂಡಲೇ ಕಪ್ಪು ಚುಕ್ಕೆಯಾಗಿ ಹೊರಗೆ ಬರುತ್ತದೆ. ಊಟದ ದಿನ ಕತ್ತರಿಸಿದರೆ ತೊಟ್ಟಿನ ಸುತ್ತ ಒಳಗೂ ಕಪ್ಪು. ಬಂದವರಿಗೆ ಡಬ್ಬದ ಪಲ್ಪ್ ಬಡಿಸಿದೆ.

ಉಳಿದಿದ್ದ ಒಂದೆರಡು ಒಳ್ಳೆಯ ಹಣ್ಣನ್ನು ರಾತ್ರಿ ಸಿಂಕಿನ ಮುಂದೆ ನಿಂತೇ ತಿಂದೆ. ಅಂಗೈಯಲ್ಲಿ ಕೂರುವ ಸಣ್ಣ ಹಣ್ಣು, ಎರಡೂ ಕಡೆಯಿಂದ ಅದುಮಿದ ಹಾಗೆ ಚಪ್ಪಟೆ. ತಿರುಳು ಕಡು ಕಿತ್ತಳೆ, ನಾರು ಕಮ್ಮಿ, ರಸ ಮೊಣಕೈವರೆಗೆ. ಸಿಹಿ ಜಾಸ್ತಿ, ಅದರ ಹಿಂದೆಯೇ ಸೊನೆಯ ಖಾರದಂಥ ಒಂದು ಘಾಟು. ಆ ಘಾಟೇ ಜೂಲಿ.

ಹಾಗಾಗಿ ಬಾದಾಮಿ ಜೊತೆ ಹೋಲಿಸುವುದನ್ನೇ ಬಿಡಿ. ಹಾಲು, ಸಕ್ಕರೆ, ಏಲಕ್ಕಿ ಹಾಕಿದರೆ ಆ ಘಾಟು ಸತ್ತೇ ಹೋಗುತ್ತದೆ. ನನ್ನ ಕೇಳಿದರೆ ಜೂಲಿಯಲ್ಲಿ ಸೀಕರಣೆ ಮಾಡುವುದೇ ತಪ್ಪು. ಮಾಡಲೇಬೇಕಾದರೆ ಗ್ರಹಾಂ ತನ್ನಿ. ಜೂಲಿಯ ಗೊರಟೆಯಿಂದಲೇ ಹುಟ್ಟಿದ ತಳಿ, ಹಣ್ಣು ದೊಡ್ಡದು. ಕಾಯಿ ಸಿಕ್ಕರೆ ಇಲ್ಲಿನವರ ಹಾಗೆ ಉಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿ, ಕೊತ್ತಂಬರಿಯಂಥ ಘಮದ ಶಾಡೋ ಬೆನಿ ಸೊಪ್ಪು ಹಾಕಿ ಚೌ ಮಾಡಿಕೊಳ್ಳಿ. ನಮ್ಮ ಉಪ್ಪು ಖಾರದ ಮಾವಿನಕಾಯಿಯ ದಾಯಾದಿ ಅದು.

ಬಲಿತ ಕಾಯಿಯನ್ನು ಫ್ರಿಜ್ಜಿಗೆ ಹಾಕಬೇಡಿ, ತಣ್ಣಗೆ ಸರಿಯಾಗಿ ಹಣ್ಣಾಗುವುದಿಲ್ಲ. ಹೊರಗೇ ಇಡಿ. ತೊಟ್ಟಿನ ಹತ್ತಿರ ವಾಸನೆ ಬಂದು, ಹೆಬ್ಬೆರಳಿಗೆ ಸ್ವಲ್ಪ ಮೆತ್ತಗೆ ಅನಿಸಿದರೆ ಅವತ್ತೇ ತಿನ್ನಿ. ಹಸಿರಿದ್ದರೂ ಸರಿ.